ಮಂಗಗಳ ಮೇಲೆ ಕೆಲಸ ಮಾಡಿದ್ದನ್ನು ಮೆಡಿಕಲ್ ಸ್ಕೂಲ್ ಅರ್ಜಿಯಲ್ಲಿ ಹೇಗೆ ಬರೆಯುವುದು?

ಅಮೆರಿಕದ ಮೆಡಿಕಲ್ ಸ್ಕೂಲುಗಳಿಗೆ ಅರ್ಜಿ ಹಾಕುವ ಮಕ್ಕಳಲ್ಲಿ ಬಹಳಷ್ಟು ಜನ ಯಾವುದಾದರೂ ಲ್ಯಾಬಿನಲ್ಲಿ ಕೆಲಸ ಮಾಡಿರುತ್ತಾರೆ. ಹೆಚ್ಚಿನವರಿಗೆ ಅದನ್ನು ಬರೆಯುವುದು ಕಷ್ಟವಲ್ಲ. ಆದರೆ ಕೆಲವರು ರೀಸಸ್ ಮಂಗಗಳ ಮಿದುಳಿಗೆ ಎಲೆಕ್ಟ್ರೋಡ್ ಇಟ್ಟು ಮಾಡುವ ಪ್ರಯೋಗದಲ್ಲಿ ಇದ್ದವರು. ಕೆಲವರು ಮಾನವ ಭ್ರೂಣದಿಂದ ಬಂದ ಸ್ಟೆಮ್ ಸೆಲ್‌ಗಳನ್ನು (ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು) ಬೆಳೆಸಿದವರು. ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ತಮ್ಮ ಕೈಯಾರೆ ಕೊಂದವರೂ ಇದ್ದಾರೆ. ಅರ್ಜಿ ಓದುವವರು ಇದನ್ನು ಹೇಗೆ ತೆಗೆದುಕೊಳ್ಳುತ್ತಾರೋ ಎಂಬ ಭಯ ಇವರಿಗೆಲ್ಲ ಇದ್ದೇ ಇದೆ.

ಅಲ್ಲಿನ ಕನ್ನಡದ ಮನೆಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಮಾಂಸ ಮುಟ್ಟದ ಮನೆಯಲ್ಲಿ ಬೆಳೆದ ಹುಡುಗಿ ಮಂಗಗಳ ಲ್ಯಾಬಿಗೆ ಹೋಗುತ್ತಿದ್ದಾಳೆ ಅಂತ ಅಜ್ಜಿಗೆ ಹೇಳಿರುವುದೇ ಇಲ್ಲ. ಅರ್ಜಿ ಬರೆಯುವ ಹೊತ್ತಿಗೆ ಅಪ್ಪ ಅಮ್ಮ ಹೇಳುವುದು ಒಂದೇ ಮಾತು: "ಯಾಕಮ್ಮ ಇದೆಲ್ಲ? ಸುಮ್ನೆ ಬಿಟ್ಟುಬಿಡು." ಅವರ ಕಾಳಜಿ ನಿಜವಾದದ್ದೇ. ಆದರೂ ಆ ಸಲಹೆ ಹೆಚ್ಚಿನ ಮಕ್ಕಳಿಗೆ ಸರಿಹೊಂದುವುದಿಲ್ಲ. ಇಂಥ ಕರಡುಗಳನ್ನು ಓದಿ ತಿದ್ದಿಕೊಡುವ ಕೆಲಸ ನನ್ನದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬರೆಯುವುದಾದರೆ ನೇರವಾಗಿ ಬರೆಯಿರಿ. ಬಿಡುವುದಾದರೆ ಪೂರ್ತಿ ಬಿಡಿ. ಅರ್ಧ ಮುಚ್ಚಿ ಅರ್ಧ ತೋರಿಸಿ ಬರೆಯುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ಅರ್ಜಿಯಲ್ಲಿ ಜಾಗ ಎಷ್ಟಿದೆ

ಎಂಡಿ ಕೋರ್ಸಿಗೆ (ಅಮೆರಿಕದಲ್ಲಿ ವೈದ್ಯರಾಗುವ ಮೊದಲ ಪದವಿಯೇ ಇದು) ಹೆಚ್ಚಿನ ಶಾಲೆಗಳು ಎಎಮ್‌ಸಿಎಎಸ್ ಎಂಬ ಒಂದೇ ಅರ್ಜಿಯ ಮೂಲಕ ಸೇರಿಸಿಕೊಳ್ಳುತ್ತವೆ. ಅದರಲ್ಲಿ ಚಟುವಟಿಕೆಗಳ ಪಟ್ಟಿ ಒಂದಿದೆ. ಗರಿಷ್ಠ 15 ನಮೂದುಗಳು, ಒಂದೊಂದಕ್ಕೂ 700 ಅಕ್ಷರ. ಅವುಗಳಲ್ಲಿ ಮೂರನ್ನು 'ಅತಿ ಮುಖ್ಯ' ಅಂತ ಗುರುತಿಸಿದರೆ ಆ ಮೂರಕ್ಕೆ ಮಾತ್ರ ಇನ್ನೂ 1,325 ಅಕ್ಷರ ಸಿಗುತ್ತದೆ. ಇದಲ್ಲದೆ 5,300 ಅಕ್ಷರಗಳ ಒಂದು ಮುಖ್ಯ ಪ್ರಬಂಧ. ಎಂಡಿ-ಪಿಎಚ್‌ಡಿಗೆ ಹಾಕುವವರಿಗೆ ಮತ್ತೆ ಎರಡು ಪ್ರಬಂಧಗಳಿವೆ: ಆ ಜೋಡಿ ಪದವಿ ಯಾಕೆ ಬೇಕು ಅನ್ನುವುದಕ್ಕೆ 3,000 ಅಕ್ಷರ, ಮಾಡಿದ ಸಂಶೋಧನೆಯನ್ನು ವಿವರಿಸುವುದಕ್ಕೆ 10,000 ಅಕ್ಷರ. ಆಮೇಲೆ ಒಂದೊಂದು ಶಾಲೆಯೂ ಕಳಿಸುವ ಸೆಕೆಂಡರಿ ಪ್ರಶ್ನೆಗಳು, ಕೊನೆಗೆ ಸಂದರ್ಶನ.

ಹಾಗಾಗಿ ಬರೆಯಬೇಕಾ ಬೇಡವಾ ಅಂತ ಕೇಳಿದರೆ ಸಾಲದು. ಎಲ್ಲಿ ಬರೆಯಬೇಕು, ಎಷ್ಟು ಬರೆಯಬೇಕು ಅನ್ನುವುದೂ ಅಷ್ಟೇ ಮುಖ್ಯ.

ಎಲ್ಲ ವಿವಾದವೂ ಒಂದೇ ಅಲ್ಲ

ದಾರಿ ಆರಿಸುವ ಮೊದಲು ನಿಮ್ಮ ಕೆಲಸ ಯಾವ ಬಗೆಯದು ಅಂತ ನೋಡಿಕೊಳ್ಳಿ.

ಇಲಿ, ಹೆಗ್ಗಣಗಳ ಕೆಲಸಕ್ಕೆ ಮೆಡಿಕಲ್ ಸ್ಕೂಲಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅರ್ಜಿ ಓದುವ ಪ್ರಾಧ್ಯಾಪಕರಲ್ಲಿ ಎಷ್ಟೋ ಜನ ಅದನ್ನೇ ಮಾಡಿ ಬಂದವರು. ಇದನ್ನು ಬರೆಯಲು ಹೆದರುವುದೇ ಬೇಡ. ಒಂದು ವಿಷಯ ಮಾತ್ರ ಗೊತ್ತಿರಲಿ. ಸಂಶೋಧನೆಗೆಂದೇ ಬೆಳೆಸಿದ ಇಲಿ, ಹೆಗ್ಗಣ, ಹಕ್ಕಿಗಳು ಅಮೆರಿಕದ 1966ರ ಪ್ರಾಣಿ ಕಲ್ಯಾಣ ಕಾನೂನಿನ ಒಳಗೆ ಬರುವುದಿಲ್ಲ. ಆದರೆ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆಯಾದ ಎನ್‌ಐಎಚ್‌ನ ಹಣದಲ್ಲಿ ನಡೆಯುವ ಕೆಲಸಕ್ಕೆ ಬೇರೆ ನಿಯಮವಿದೆ. ಅದು ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಿಗೂ ಅನ್ವಯಿಸುತ್ತದೆ. ಸಂದರ್ಶನದಲ್ಲಿ "ಇಲಿಗಳಿಗೆ ಕಾನೂನಿನ ರಕ್ಷಣೆ ಇದೆಯಾ?" ಅಂತ ಕೇಳಿದರೆ ಈ ಎರಡನ್ನೂ ಹೇಳಬಲ್ಲವರು ತಮ್ಮ ಲ್ಯಾಬನ್ನು ಅರಿತವರು ಅನ್ನುವುದು ಕೇಳುವವರಿಗೆ ಗೊತ್ತಾಗುತ್ತದೆ.

ಮಂಗಗಳ ಕೆಲಸ ಬೇರೆ. ನಾಯಿ, ಬೆಕ್ಕುಗಳದ್ದೂ ಹಾಗೆಯೇ. ಓದುವವರು ವಿಜ್ಞಾನಿಗಳೇ ಆಗಿದ್ದರೂ ಅವರ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಸಂಶೋಧನೆಗೆ ಬೆಂಬಲ ಕೊಡುವುದನ್ನು ಎನ್‌ಐಎಚ್ 2015ರಲ್ಲಿ ಪೂರ್ತಿ ನಿಲ್ಲಿಸಿತು. ಮಂಗಗಳ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಈ ಬರಹದ ಹೆಚ್ಚಿನ ಭಾಗ ಇಂಥವರನ್ನು ನೆನೆದೇ ಬರೆದದ್ದು.

ಭ್ರೂಣದ ಸ್ಟೆಮ್ ಸೆಲ್‌ಗಳ ವಿಷಯದಲ್ಲಿ ವಿವಾದ ಧರ್ಮ ಮತ್ತು ರಾಜಕೀಯದ್ದು. ವಿಸ್ಕಾನ್ಸಿನ್‌ನಲ್ಲಿ ವಿಜ್ಞಾನಿ ಜೇಮ್ಸ್ ಥಾಮ್ಸನ್ 1998ರಲ್ಲಿ ಮಾನವ ಭ್ರೂಣದಿಂದ ಮೊದಲ ಬಾರಿಗೆ ಇವುಗಳನ್ನು ಬೇರ್ಪಡಿಸಿದರು. 2001ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬುಷ್ ಅಷ್ಟರೊಳಗೆ ತಯಾರಾಗಿದ್ದ ಸೆಲ್ ಲೈನ್‌ಗಳಿಗೆ (ಒಂದೇ ಮೂಲದಿಂದ ಲ್ಯಾಬಿನಲ್ಲಿ ಬೆಳೆಸುತ್ತಾ ಬರುವ ಕೋಶಗಳ ಸಾಲು) ಮಾತ್ರ ಕೇಂದ್ರದ ಹಣ ಅಂದರು. 2009ರ ಮಾರ್ಚ್‌ನಲ್ಲಿ ಒಬಾಮಾ ಆ ಮಿತಿ ತೆಗೆದರು. ಆದರೂ ಹೊಸದಾಗಿ ಭ್ರೂಣ ನಾಶ ಮಾಡುವ ಕೆಲಸಕ್ಕೆ ಕೇಂದ್ರದ ಹಣ ಕೊಡಬಾರದೆಂಬ 1996ರ ನಿಯಮ ಹಾಗೇ ಉಳಿಯಿತು. ವಿದ್ಯಾರ್ಥಿಗಳ ಕೈಗೆ ಬರುವುದು ಸಾಮಾನ್ಯವಾಗಿ ಎನ್‌ಐಎಚ್ ಪಟ್ಟಿಯಲ್ಲಿರುವ ಹಳೆಯ ಸೆಲ್ ಲೈನ್‌ಗಳು. ಹಾಗಿದ್ದರೆ ಅದನ್ನೇ ಬರೆಯಿರಿ. ಒಂದು ಸಾಲಿನಲ್ಲಿ ಅರ್ಧ ಅನುಮಾನ ತೀರುತ್ತದೆ.

ವೈರಸ್‌ಗಳನ್ನು ಬದಲಿಸಿ ಅವುಗಳ ಶಕ್ತಿ ನೋಡುವ ಲ್ಯಾಬಿನಲ್ಲಿ ಇದ್ದವರು ಜೈವಿಕ ಸುರಕ್ಷತೆಯ ತರಬೇತಿಯ ಬಗ್ಗೆ ಬರೆಯಲಿ, ಪ್ರಯೋಗದ ಸೂಕ್ಷ್ಮ ವಿವರಕ್ಕೆ ಇಳಿಯದಿರಲಿ. ಇದರ ಬಗ್ಗೆ ಇಷ್ಟು ಸಾಕು.

ಇನ್ನು ಕೊನೆಯ ಬಗೆ. ಲ್ಯಾಬಿನಲ್ಲಿ ನಿಯಮವನ್ನೇ ಮುರಿದಿದ್ದರೆ, ತನಿಖೆ ನಡೆದಿದ್ದರೆ, ಪ್ರಕಟವಾದ ಸಂಶೋಧನಾ ಪ್ರಬಂಧವನ್ನು ಹಿಂತೆಗೆದುಕೊಂಡಿದ್ದರೆ ಅದು ವಿವಾದಿತ ಸಂಶೋಧನೆಯ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ನಡೆದದ್ದು ತಪ್ಪು. ಅದನ್ನು 700 ಅಕ್ಷರದಲ್ಲಿ ಬಗೆಹರಿಸಲು ಆಗುವುದಿಲ್ಲ. ಮೆಡಿಕಲ್ ಸ್ಕೂಲಿಗೆ ಹಾಕುವವರಿಗೆ ದಾರಿ ತೋರಿಸುವ ಕಾಲೇಜಿನ ಪ್ರೀ-ಮೆಡ್ ಸಲಹೆಗಾರರ ಹತ್ತಿರ ಮೊದಲು ಮಾತಾಡಿ.

ಬಿಟ್ಟುಬಿಟ್ಟರೆ?

ಮಾಡಿದ್ದನ್ನೆಲ್ಲ ಬರೆಯಲೇಬೇಕು ಅನ್ನುವ ನಿಯಮ ಎಎಮ್‌ಸಿಎಎಸ್‌ನಲ್ಲಿ ಇಲ್ಲ. ಒಂದು ಬೇಸಿಗೆ ಕೆಲವು ವಾರ ಲ್ಯಾಬಿಗೆ ಹೋಗಿ, ಪಾತ್ರೆ ತೊಳೆದು, ಮೀಟಿಂಗಿನಲ್ಲಿ ಕೂತು ಬಂದವರು ಅದನ್ನು ಬಿಟ್ಟರೆ ಯಾವ ಮೋಸವೂ ಇಲ್ಲ. ಆ ಕೆಲಸ ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ಮನಸ್ಸಿಗೆ ಒಗ್ಗದೆ ಬೇಗ ಬಿಟ್ಟುಬಂದವರೂ ಹೀಗೇ ಮಾಡಬಹುದು.

ಆದರೆ ಎರಡು ವರ್ಷ ಅಲ್ಲೇ ಕಳೆದವರು ಬಿಟ್ಟರೆ ಅರ್ಜಿಯಲ್ಲಿ ಒಂದು ತೂತು ಬೀಳುತ್ತದೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸಂಶೋಧನೆಯ ಕ್ರೆಡಿಟ್ ಕಾಣುತ್ತಿರುತ್ತದೆ. ಪ್ರಕಟವಾದ ಪ್ರಬಂಧದಲ್ಲಿ ನಿಮ್ಮ ಹೆಸರಿರುತ್ತದೆ. ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರೇ ಪ್ರಾಧ್ಯಾಪಕರೆಂದರೆ ಆ ಲ್ಯಾಬಿನ ಮುಖ್ಯಸ್ಥರು, ಅವರ ಶಿಫಾರಸು ಪತ್ರವೇ ನಿಮ್ಮ ಅರ್ಜಿಯ ಬಲ. ಕೆಲಸವನ್ನೇ ಬಿಟ್ಟು ಪತ್ರ ಮಾತ್ರ ಹಾಕಲು ಆಗುತ್ತದಾ? ಎಂಡಿ-ಪಿಎಚ್‌ಡಿಗೆ ಹಾಕುವವರಿಗಂತೂ ಈ ದಾರಿ ಇಲ್ಲವೇ ಇಲ್ಲ.

ಕೆಲವರು ಬಿಡಲು ಕೊಡುವ ಕಾರಣ ಸುರಕ್ಷತೆ. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. 2009ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ನರವಿಜ್ಞಾನಿಯೊಬ್ಬರ ಕಾರಿಗೆ ಪ್ರಾಣಿ ಪ್ರಯೋಗದ ವಿರೋಧಿಗಳು ಅವರ ಮನೆಯ ಹತ್ತಿರವೇ ಬೆಂಕಿ ಹಚ್ಚಿದ್ದರು. ಆದರೆ ಅರ್ಜಿ ಓದುವುದು ಪ್ರವೇಶ ಸಮಿತಿ ಮಾತ್ರ. ಅದು ಊರಿಗೆಲ್ಲ ಕಾಣುವ ಲಿಂಕ್ಡ್‌ಇನ್ ಪುಟ ಅಲ್ಲ. ಭಯವಿದ್ದರೆ ಲಿಂಕ್ಡ್‌ಇನ್‌ನಿಂದ ತೆಗೆಯಿರಿ, ಇನ್‌ಸ್ಟಾಗ್ರಾಮ್‌ನಲ್ಲಿ ಲ್ಯಾಬಿನ ಫೋಟೋ ಹಾಕಬೇಡಿ. ಅರ್ಜಿಯಲ್ಲಿ ಇರಲಿ.

ಮಸುಕಾಗಿ ಬರೆದರೆ?

ಬಹಳ ಜನ ಆರಿಸುವುದು ಇದನ್ನೇ. "ಚಲನೆಯ ನರವಿಜ್ಞಾನದ ಮೇಲೆ ಸಂಶೋಧನೆ. ಡೇಟಾ ಸಂಗ್ರಹಿಸಿ ವಿಶ್ಲೇಷಿಸಿದೆ." ಎಲ್ಲಿಯೂ ಮಂಗ ಇಲ್ಲ. ಸುಳ್ಳೂ ಇಲ್ಲ. ಬರೆದವರಿಗೆ ನೆಮ್ಮದಿ.

ಓದುವವರ ಕಡೆಯಿಂದ ನೋಡಿ. ಆ ಲ್ಯಾಬಿನ ಹೆಸರು, ಮುಖ್ಯಸ್ಥರ ಹೆಸರು ಅದೇ ನಮೂದಿನಲ್ಲಿ ಇರುತ್ತದೆ. ಅದೇ ಕ್ಷೇತ್ರದ ಒಬ್ಬರು ಸಮಿತಿಯಲ್ಲಿದ್ದರೆ ಅಲ್ಲಿ ಏನು ನಡೆಯುತ್ತದೆ ಅಂತ ಅವರಿಗೆ ಮೊದಲೇ ಗೊತ್ತು. ಉಳಿದವರಿಗೆ ಶಿಫಾರಸು ಪತ್ರದಲ್ಲಿ ಗೊತ್ತಾಗುತ್ತದೆ. ಯಾಕೆಂದರೆ ಪ್ರಾಧ್ಯಾಪಕರು "ಈಕೆ ಮಂಗಗಳನ್ನು ಎಷ್ಟು ತಾಳ್ಮೆಯಿಂದ ನೋಡಿಕೊಂಡಳು" ಅಂತ ಮೆಚ್ಚಿಯೇ ಬರೆದಿರುತ್ತಾರೆ. ಆಗ ಸಮಿತಿಯ ಮುಂದೆ ಮೂರು ಪ್ರಶ್ನೆ ಏಳುತ್ತವೆ. ಈಕೆಗೆ ತಾನು ಮಾಡಿದ ಕೆಲಸದ ಬಗ್ಗೆ ನಾಚಿಕೆಯಾ? ನಾಚಿಕೆ ಇದ್ದರೆ ಎರಡು ವರ್ಷ ಯಾಕೆ ಮಾಡಿದಳು? ಮುಂದೆ ರೋಗಿಗೆ ಕೆಟ್ಟ ಸುದ್ದಿ ಹೇಳಬೇಕಾದಾಗಲೂ ಹೀಗೇ ಸುತ್ತಿ ಬಳಸಿ ಹೇಳುತ್ತಾಳಾ? ಈ ಕೊನೆಯದು ತೀರಾ ದುಬಾರಿ ಪ್ರಶ್ನೆ. ಅದಕ್ಕೇ ಈ ದಾರಿ ಬೇಡ ಅನ್ನುತ್ತೇನೆ.

ಪಟ್ಟಿಯಲ್ಲಿ ನೇರವಾಗಿ ಬರೆದರೆ?

ಹೆಚ್ಚಿನವರಿಗೆ ನಾನು ಹೇಳುವ ದಾರಿ ಇದು. ಚಟುವಟಿಕೆಗಳ ಪಟ್ಟಿಯಲ್ಲಿ ಪ್ರಾಣಿಯ ಹೆಸರು ಹೇಳಿ, ನಿಮ್ಮ ಕೈಯಿಂದ ಆದದ್ದನ್ನು ಹೇಳಿ, ಮೇಲ್ವಿಚಾರಣೆ ಯಾರದ್ದು ಅಂತ ಹೇಳಿ, ಮುಗಿಸಿ. ಮುಖ್ಯ ಪ್ರಬಂಧ ಬೇರೆ ವಿಷಯಕ್ಕೆ ಇರಲಿ. ಅರ್ಜಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಅರ್ಥ ಹೀಗಿರಲಿ:

"ಕೈ ಚಾಚುವ ಮೊದಲು ಮಿದುಳು ಅದನ್ನು ಹೇಗೆ ಯೋಜಿಸುತ್ತದೆ ಎಂಬುದನ್ನು ರೀಸಸ್ ಮಂಗಗಳಲ್ಲಿ ಅಧ್ಯಯನ ಮಾಡುವ ಲ್ಯಾಬ್. ಎರಡು ಮಂಗಗಳಿಗೆ ಟಚ್‌ಸ್ಕ್ರೀನ್ ಕೆಲಸದ ತರಬೇತಿ ಕೊಟ್ಟೆ. ಪ್ರತಿದಿನ ಅವುಗಳ ತೂಕ, ಕುಡಿದ ನೀರಿನ ಲೆಕ್ಕ ಇಟ್ಟೆ. ಎಲೆಕ್ಟ್ರೋಡ್ ದಾಖಲೆಗಳನ್ನು ವಿಂಗಡಿಸಿದೆ. ಶಸ್ತ್ರಚಿಕಿತ್ಸೆಯಲ್ಲಿ ನನ್ನ ಪಾಲಿಲ್ಲ. ಒಂದು ಪ್ರಾಣಿಯ ತೂಕ ಇಳಿದಾಗ ಲ್ಯಾಬಿನ ಪಶುವೈದ್ಯರಿಗೆ ತಿಳಿಸಿದೆ, ತರಬೇತಿ ನಿಲ್ಲಿಸಿದೆವು."

ಇದರಲ್ಲಿ ನೀರಿನ ಲೆಕ್ಕದ ಸಾಲು ಮುಖ್ಯ. ಇಂಥ ಪ್ರಯೋಗಗಳಲ್ಲಿ ಮಂಗಗಳಿಗೆ ನೀರು ಅಥವಾ ಜ್ಯೂಸ್ ಬಹುಮಾನವಾಗಿ ಸಿಗುತ್ತದೆ. ಅದಕ್ಕಾಗಿ ಬೇರೆ ಹೊತ್ತಿನ ನೀರನ್ನು ಮಿತಿಗೊಳಿಸುವ ಪದ್ಧತಿ ಇದೆ. ವಿರೋಧಿಸುವವರು ಮೊದಲು ಎತ್ತುವ ಮಾತುಗಳಲ್ಲಿ ಅದೂ ಒಂದು. ಬಲ್ಲವರು ಓದಿದಾಗ, ಬರೆದವಳು ಕಷ್ಟದ ಭಾಗವನ್ನು ಬದಿಗೆ ಸರಿಸಿಲ್ಲ ಅನ್ನುವುದು ಕಾಣುತ್ತದೆ. ಸಮರ್ಥನೆಯ ಒಂದು ಪದವೂ ಅಲ್ಲಿಲ್ಲ. ಕ್ಷಮೆ ಕೇಳುವ ಧಾಟಿಯೂ ಇಲ್ಲ.

"ಎಲ್ಲವೂ ಐಎಸಿಯುಸಿ ಅನುಮತಿಯಿಂದ ನಡೆಯಿತು" ಅಂತ ಬರೆದು ಕೈ ತೊಳೆದುಕೊಳ್ಳುವವರನ್ನು ಬಹಳ ನೋಡಿದ್ದೇನೆ. ಐಎಸಿಯುಸಿ ಅಂದರೆ ಪ್ರಾಣಿ ಪ್ರಯೋಗಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ, ಸಂಸ್ಥೆಯೊಳಗಿನ ಸಮಿತಿ. ಅದರ ಅನುಮತಿ ಇಲ್ಲದೆ ಇಂಥ ಯಾವ ಲ್ಯಾಬೂ ನಡೆಯುವುದಿಲ್ಲ, ಹಾಗಾಗಿ ಅದು ನಿಮ್ಮ ಬಗ್ಗೆ ಏನೂ ಹೇಳಿದ ಹಾಗಾಗಲಿಲ್ಲ. ಆ ಸಮಿತಿಯಲ್ಲಿ ಯಾರಿರುತ್ತಾರೆ ಅಂತಲಾದರೂ ತಿಳಿದಿರಿ. ಎನ್‌ಐಎಚ್ ಹಣ ಪಡೆಯುವ ಸಂಸ್ಥೆಯಲ್ಲಿ ಕನಿಷ್ಠ ಐದು ಜನ. ಅವರಲ್ಲಿ ಒಬ್ಬರು ಪಶುವೈದ್ಯರು, ಒಬ್ಬರು ವಿಜ್ಞಾನಿಯಲ್ಲದವರು, ಒಬ್ಬರು ಆ ಸಂಸ್ಥೆಗೆ ಸಂಬಂಧವೇ ಇಲ್ಲದ ಹೊರಗಿನವರು. ಲ್ಯಾಬಿನ ಪ್ರೋಟೋಕಾಲ್ ಕೇಳಿ ಪಡೆದು ಓದಿ. ಅದರಲ್ಲಿ ಬೇರೆ ದಾರಿ ಯಾಕೆ ಆಗುವುದಿಲ್ಲ, ಪ್ರಾಣಿಗಳ ಸಂಖ್ಯೆ ಯಾಕೆ ಅಷ್ಟು, ನೋವು ಕಡಿಮೆ ಮಾಡಲು ಏನು ಮಾಡುತ್ತಾರೆ ಅಂತ ಬರೆದಿರುತ್ತದೆ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ರಿಪ್ಲೇಸ್‌ಮೆಂಟ್, ರಿಡಕ್ಷನ್, ರಿಫೈನ್‌ಮೆಂಟ್ ಎಂಬ ಮೂರು ಸೂತ್ರ ಇದೇ. ಹೆಸರುಗಳನ್ನು ಅರ್ಜಿಯಲ್ಲಿ ಉದುರಿಸುವುದಕ್ಕಿಂತ, ನಿಮ್ಮ ಲ್ಯಾಬಿನಲ್ಲಿ ಮೂರರಲ್ಲಿ ಯಾವುದು ನಿಜವಾಗಿ ನಡೆಯಿತು ಅಂತ ಒಂದು ಸಾಲು ಬರೆಯಿರಿ.

ಈ ಕೆಲಸ ನಿಮ್ಮ ಕಾಲೇಜಿನ ದೊಡ್ಡ ಭಾಗವಾಗಿದ್ದರೆ 'ಅತಿ ಮುಖ್ಯ' ಅಂತ ಗುರುತಿಸಿ. ಆ 1,325 ಅಕ್ಷರಗಳಲ್ಲಿ ನಿಮ್ಮ ಮನಸ್ಸಿನಲ್ಲಿ ನಡೆದದ್ದಕ್ಕೂ ಜಾಗ ಸಿಗುತ್ತದೆ.

ಮುಖ್ಯ ಪ್ರಬಂಧವನ್ನೇ ಇದರ ಮೇಲೆ ಬರೆದರೆ?

ಆಗಬಹುದು, ಆದರೆ ಕೆಲವರಿಗೆ ಮಾತ್ರ. ಆ ಪ್ರಬಂಧ ಕೇಳುವುದು ನೀವು ವೈದ್ಯರಾಗುವುದು ಯಾಕೆ ಅಂತ. ಮಂಗಗಳ ಲ್ಯಾಬಿನಿಂದ ಹೊರಟು ರೋಗಿಯ ಹಾಸಿಗೆಯವರೆಗೆ ನಿಜವಾದ ದಾರಿ ಇದ್ದರೆ ಬರೆಯಿರಿ. ಪ್ರಾಣಿಯ ನೋವಿನ ಬಗ್ಗೆ ನಾಲ್ಕು ಪ್ಯಾರಾ, ರೋಗಿಯ ಬಗ್ಗೆ ಒಂದು ಸಾಲು ಅಂತಾದರೆ ಪ್ರಬಂಧ ಕೆಟ್ಟಿತು.

ಇಲ್ಲಿ ಎಲ್ಲರೂ ಕೈ ಹಾಕುವ ವಾದ ಒಂದಿದೆ: ಮಂಗಗಳಿಲ್ಲದಿದ್ದರೆ ಪಾರ್ಕಿನ್ಸನ್ ಕಾಯಿಲೆಗೆ ಡೀಪ್ ಬ್ರೈನ್ ಸ್ಟಿಮ್ಯುಲೇಶನ್ (ಮಿದುಳಿನ ಒಳಗೆ ಎಲೆಕ್ಟ್ರೋಡ್ ಇಟ್ಟು ಕೊಡುವ ಚಿಕಿತ್ಸೆ) ಬರುತ್ತಿರಲಿಲ್ಲ. ಆ ಕಥೆ ನಿಜಕ್ಕೂ ದೊಡ್ಡದು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆಯಾದ ಕೃತಕ ಹೆರಾಯಿನ್ ಚುಚ್ಚಿಕೊಂಡ ಕೆಲವು ಯುವಜನರ ಮೈ ಮರಗಟ್ಟಿತು. ಎಂಪಿಟಿಪಿ ಎಂಬ ರಾಸಾಯನಿಕ ಅದಕ್ಕೆ ಕಾರಣ ಅಂತ ಗೊತ್ತಾಯಿತು. ಅದನ್ನೇ ಕೊಟ್ಟು ಮಂಗಗಳಲ್ಲಿ ಪಾರ್ಕಿನ್ಸನ್ ತರುವುದು ಸಾಧ್ಯವಾಯಿತು. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಸಣ್ಣ ಭಾಗವನ್ನು ಸುಮ್ಮನಾಗಿಸಿದರೆ ಆ ಮಂಗಗಳ ಚಲನೆ ಸುಧಾರಿಸುತ್ತದೆ ಅಂತ 1990ರಲ್ಲಿ ಅಮೆರಿಕದ ನರವಿಜ್ಞಾನಿ ಮಾಲನ್ ಡಿಲಾಂಗ್ ಅವರ ತಂಡ ತೋರಿಸಿತು. ಫ್ರಾನ್ಸಿನ ಅಲಿಮ್ ಲೂಯಿ ಬೆನಾಬಿದ್ ಆ ಜಾಗಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಚಿಕಿತ್ಸೆ ಬೆಳೆಸಿದರು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಾರ್ಕಿನ್ಸನ್‌ಗೆ ಅದನ್ನು ಒಪ್ಪಿತು. 2014ರಲ್ಲಿ ಇಬ್ಬರಿಗೂ ವೈದ್ಯಕೀಯ ಸಂಶೋಧನೆಯ ದೊಡ್ಡ ಗೌರವವಾದ ಲಾಸ್ಕರ್ ಪ್ರಶಸ್ತಿ ಬಂತು.

ಆದರೆ ಇದು ಅವರ ಕೆಲಸ. ನಿಮ್ಮ ಲ್ಯಾಬಿನಲ್ಲಿ ಇನ್ನೂ ಚಿಕಿತ್ಸೆಯ ಸುಳಿವಿಲ್ಲದಿದ್ದರೆ ಆ ಹಿರಿಮೆಯನ್ನು ಎರವಲು ತರಬೇಡಿ. "ನಮ್ಮ ಪ್ರಯೋಗದಿಂದ ಯಾವ ರೋಗಿಗೂ ಇನ್ನೂ ಉಪಯೋಗವಾಗಿಲ್ಲ, ಆಗದೆಯೂ ಇರಬಹುದು, ಆ ತೂಕವನ್ನು ನಾನು ಹೀಗೆ ಹೊತ್ತೆ" ಅನ್ನುವ ಪ್ರಬಂಧವನ್ನು ನಾನು ಹೆಚ್ಚು ನಂಬುತ್ತೇನೆ. ಅದನ್ನು ಬರೆಯಲು ಆಗದಿದ್ದರೆ ಪಟ್ಟಿಯ ನಮೂದು ಸಾಕು.

ಶಾಲೆ ನೋಡಿ ಆರಿಸುವುದು

ಎಂಡಿ-ಪಿಎಚ್‌ಡಿಯಲ್ಲಿ ಆಯ್ಕೆಯೇ ಇಲ್ಲ. ಆ 10,000 ಅಕ್ಷರದ ಪ್ರಬಂಧದಲ್ಲಿ ಪ್ರಯೋಗದ ಎಲ್ಲ ವಿವರ ಬರಲೇಬೇಕು. ಅಲ್ಲಿ ಓದುವವರು ನೋಡುವುದು ವಿಜ್ಞಾನ: ಪ್ರಶ್ನೆ ಏನು, ಮಂಗವೇ ಯಾಕೆ ಬೇಕಾಯಿತು, ಇಲಿಯಲ್ಲಿ ಯಾಕೆ ಆಗುವುದಿಲ್ಲ.

ಜಾರ್ಜ್‌ಟೌನ್, ಕ್ರೈಟನ್, ಸೇಂಟ್ ಲೂಯಿಸ್, ಷಿಕಾಗೋದ ಲಯೋಲಾ ಇವು ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಪರಂಪರೆಯ ವಿಶ್ವವಿದ್ಯಾಲಯಗಳು. ಭ್ರೂಣ ನಾಶ ಮಾಡಿ ನಡೆಸುವ ಸಂಶೋಧನೆ ಬೇಡ ಅನ್ನುವುದು ಕ್ಯಾಥೊಲಿಕ್ ಚರ್ಚಿನ ನಿಲುವು. 2008ರ 'ಡಿಗ್ನಿಟಾಸ್ ಪರ್ಸೊನೆ' ಎಂಬ ದಾಖಲೆಯಲ್ಲಿ ಅದನ್ನು ಮತ್ತೆ ಹೇಳಿದ್ದಾರೆ. ಸ್ಟೆಮ್ ಸೆಲ್ ಕೆಲಸ ಮಾಡಿದವರು ಇಲ್ಲಿಗೆ ಹಾಕಬಾರದು ಅಂತಲ್ಲ. ಎಎಮ್‌ಸಿಎಎಸ್ ಒಂದೇ ಅರ್ಜಿ, ಒಂದು ಶಾಲೆಗೆ ಒಂದು ಥರ ತಿದ್ದಲು ಬರುವುದೂ ಇಲ್ಲ. ಸೆಕೆಂಡರಿಯಲ್ಲಿ ಅವರ ಸೇವಾ ಪರಂಪರೆಗೆ ನಿಮ್ಮ ಬದುಕಿನ ಬೇರೆ ಭಾಗ ಹೇಗೆ ಹೊಂದುತ್ತದೆ ಅಂತ ಬರೆಯಿರಿ. ಚರ್ಚಿನ ವಾದವನ್ನು ಗೌರವದಿಂದ ಎರಡು ಸಾಲಿನಲ್ಲಿ ಹೇಳುವಷ್ಟು ತಿಳಿದುಕೊಂಡು ಹೋಗಿ. ಅದನ್ನು ಒಪ್ಪಲೇಬೇಕೆಂದಿಲ್ಲ.

ಪಶುವೈದ್ಯ ಶಾಲೆಗೆ ಹಾಕುವವರಿಗೆ ಭಯ ಎಲ್ಲರಿಗಿಂತ ಜಾಸ್ತಿ. "ಪ್ರಾಣಿ ಉಳಿಸುವ ಕೋರ್ಸಿಗೆ ಪ್ರಾಣಿ ಕೊಂದವಳು ಹೇಗೆ?" ಇಲ್ಲಿ ಒಂದು ಮಾತು ನೆನಪಿಡಿ. ಅಮೆರಿಕದ ಪಶುವೈದ್ಯರ ಪ್ರಮಾಣವಚನದಲ್ಲಿ ಪ್ರಾಣಿಗಳ ನೋವು ತಡೆಯುವ ಮಾತೂ ಇದೆ, ವೈದ್ಯಕೀಯ ಜ್ಞಾನ ಬೆಳೆಸುವ ಮಾತೂ ಇದೆ. ಲ್ಯಾಬಿನ ಪ್ರಾಣಿಗಳನ್ನು ನೋಡಿಕೊಳ್ಳುವುದೇ ಅವರಲ್ಲಿ ಒಂದು ಬೋರ್ಡ್ ಸ್ಪೆಷಾಲಿಟಿ, ಅಂದರೆ ಮಾನ್ಯತೆ ಪಡೆದ ವಿಶೇಷ ಪರಿಣತಿ. ಲ್ಯಾಬಿನ ಪಶುವೈದ್ಯರ ಜೊತೆ ಓಡಾಡಿದ್ದರೆ, ಅರಿವಳಿಕೆ ಕೊಡುವಾಗ ಉಸಿರು, ಮೈ ಬಿಸಿ ಗಮನಿಸಿದ್ದರೆ ಅದನ್ನೇ ಮುಂದಿಡಿ. ಇವರಿಗೆ ನೇರವಾಗಿ ಬರೆಯುವುದು ಇನ್ನೂ ಹೆಚ್ಚು ಅಗತ್ಯ. ಮಸುಕು ಮಾಡಿದರೆ ಪಶುವೈದ್ಯರಿಗೆ ತಕ್ಷಣ ಗೊತ್ತಾಗುತ್ತದೆ.

ಸಂದರ್ಶನದಲ್ಲಿ ಕೇಳಿದರೆ

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಂಎಂಐ (ಮಲ್ಟಿಪಲ್ ಮಿನಿ ಇಂಟರ್‌ವ್ಯೂ) ಪದ್ಧತಿಯನ್ನು ಈಗ ಅಮೆರಿಕದಲ್ಲೂ ಎಷ್ಟೋ ಶಾಲೆಗಳು ಬಳಸುತ್ತವೆ. ಅಲ್ಲಿ ಕೆಲವೇ ನಿಮಿಷಕ್ಕೊಂದು ಕೋಣೆ, ಒಂದೊಂದರಲ್ಲೂ ಹೊಸ ಪ್ರಶ್ನೆ. ನೈತಿಕ ಪ್ರಶ್ನೆ ಬಂದೇ ಬರುತ್ತದೆ. ಒಬ್ಬರ ಮುಂದೆ ಕೂತು ಮಾತಾಡುವ ಹಳೆಯ ಪದ್ಧತಿಯಲ್ಲಿ ನಿಮ್ಮ ಅರ್ಜಿಯನ್ನೇ ಹಿಡಿದು ಕೇಳುತ್ತಾರೆ. "ಆ ಮಂಗಗಳು ಕೊನೆಗೆ ಏನಾದವು?" ಈ ಪ್ರಶ್ನೆಗೆ ಉತ್ತರ ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಇವತ್ತೇ ಲ್ಯಾಬಿನಲ್ಲಿ ಕೇಳಿ.

ಎದುರು ಪಕ್ಷದ ಮಾತನ್ನು ಅವರೇ ಒಪ್ಪುವ ಹಾಗೆ ಹೇಳಲು ಕಲಿಯಿರಿ. ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ 1981ರಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಅಭ್ಯಾಸ. ತೋಳಿನ ನರ ಕತ್ತರಿಸಿದ ಮಂಗಗಳನ್ನು ಇಟ್ಟಿದ್ದ ರೀತಿ ಹೊರಬಿದ್ದು ಪೊಲೀಸರು ಅವನ್ನು ವಶಕ್ಕೆ ತೆಗೆದುಕೊಂಡರು. ಅದರಿಂದೆದ್ದ ಕೂಗು 1985ರಲ್ಲಿ ಪ್ರಾಣಿ ಕಲ್ಯಾಣ ಕಾನೂನು ಬಿಗಿಯಾಗಲು ಕಾರಣಗಳಲ್ಲೊಂದು. ಅದೇ ಸಾಲಿನ ಸಂಶೋಧನೆಯಿಂದ, ಸ್ಟ್ರೋಕ್ ಆದವರ ಒಳ್ಳೆಯ ಕೈಯನ್ನು ಕಟ್ಟಿ ಸೋತ ಕೈಯನ್ನು ಪಳಗಿಸುವ ಚಿಕಿತ್ಸೆಯೂ ಬಂತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಅಳಿಸಲು ಹೋಗದವರ ಮಾತಿಗೆ ಬೆಲೆ ಬರುತ್ತದೆ.

ಬೆಂಗಳೂರಿನಲ್ಲಿ ಮಾಡಿದ ಕೆಲಸ

ಬೇಸಿಗೆ ರಜೆಗೆ ಊರಿಗೆ ಬಂದು ಇಲ್ಲಿನ ಲ್ಯಾಬಿನಲ್ಲಿ ಕೆಲಸ ಕಲಿಯುವ ಮಕ್ಕಳೂ ಇದ್ದಾರೆ. ಅಮೆರಿಕದಲ್ಲಿ ಅರ್ಜಿ ಓದುವವರಿಗೆ ಇಲ್ಲಿನ ನಿಯಮ ಗೊತ್ತಿರುವುದಿಲ್ಲ, ಹಾಗಾಗಿ ಒಂದು ಸಾಲು ವಿವರಿಸಿ. ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾನೂನಿನ ಅಡಿಯಲ್ಲಿ ಕೇಂದ್ರದ ಸಮಿತಿಯೊಂದಿದೆ. ಮೊದಲು ಸಿಪಿಸಿಎಸ್‌ಇಎ ಅನ್ನುತ್ತಿದ್ದರು, ಈಗ ಸಿಸಿಎಸ್‌ಇಎ. ಒಂದೊಂದು ಸಂಸ್ಥೆಯಲ್ಲೂ ಐಎಇಸಿ ಎಂಬ ಸಮಿತಿ, ಅದರಲ್ಲಿ ಕೇಂದ್ರ ನೇಮಿಸಿದ ಸದಸ್ಯರು. ಇಲಿಯಂಥ ಸಣ್ಣ ಪ್ರಾಣಿಗೆ ಐಎಇಸಿ ಒಪ್ಪಿಗೆ ಸಾಕು. ಮಂಗ, ನಾಯಿಗಳಾದರೆ ಕೇಂದ್ರದ ಸಮಿತಿಗೇ ಹೋಗಬೇಕು. ಸ್ಟೆಮ್ ಸೆಲ್ ಕೆಲಸಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) 2017ರ ಮಾರ್ಗಸೂಚಿ ಇದೆ.

ಕಳಿಸುವ ಮೊದಲು

ಎಎಮ್‌ಸಿಎಎಸ್ ಮೇ ತಿಂಗಳಲ್ಲಿ ತೆರೆಯುತ್ತದೆ. ಅದಕ್ಕಿಂತ ಮೊದಲೇ ನೀವು ಬರೆದ ನಮೂದನ್ನು ಲ್ಯಾಬಿನ ಮುಖ್ಯಸ್ಥರಿಗೆ ತೋರಿಸಿ. ಇನ್ನೂ ಪ್ರಕಟವಾಗದ ವಿವರ ಅದರಲ್ಲಿ ಸೇರಿದೆಯಾ, ಅವರ ಹೆಸರು ಹಾಕಬಹುದಾ ಅಂತ ಕೇಳಿ. ಅವರ ಪತ್ರದಲ್ಲಿ ಪ್ರಾಣಿಗಳ ಜೊತೆ ನೀವು ನಡೆದುಕೊಂಡ ರೀತಿಯ ಬಗ್ಗೆ ಒಂದು ಮಾತು ಇದ್ದರೆ ಒಳ್ಳೆಯದು ಅಂತ ಸಂಕೋಚವಿಲ್ಲದೆ ಹೇಳಿ. ಅರ್ಜಿ ಹೋದ ಮೇಲೆ ಅಪ್ಪ ಅಮ್ಮನಿಗೂ ಅದೇ ನಮೂದನ್ನು ಓದಲು ಕೊಡಿ. ಸಂದರ್ಶನಕ್ಕಿಂತ ಮೊದಲು ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರುವುದು ಒಳ್ಳೆಯದು.